ಪಾತ್ರೆಯಿಂದ ತೆಗೆದ ಹಿಡಿ ಅಕ್ಕಿ

ನನ್ನ ಅಜ್ಜೀ,

ನನಗೆ ಮದುವೆಯಾಯಿತು! ನಿಜವಾಗಲೂ! ಇವತ್ತಿಗೆ ಇಪ್ಪತ್ತಾರು ದಿನ. ಹುಡುಗ ಪುರವರದವನು, ಸುನಿಲ್. ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ, ನಿನಗೆ ತುಂಬಾ ತುಂಬಾ ಇಷ್ಟವಾಗುತ್ತಿದ್ದ. ಅವರ ಮನೆಯವರು ಹಿಂದೂಗಳು. ನಾವು ಕ್ರೈಸ್ತರಾದರೂ ಅವನ ಅಮ್ಮ, ನನ್ನ ಅತ್ತೆ, 'ಮಕ್ಕಳು ಚೆನ್ನಾಗಿದ್ರೆ ಸಾಕು' ಎಂದು ಒಪ್ಪಿಬಿಟ್ಟರು. ಅಂಥ ಅತ್ತೆಯನ್ನು ನಾನು ಮೂರೇ ದಿನದಲ್ಲಿ ನೋಯಿಸಿ ಕಳಿಸಿದೆ, ಅಜ್ಜಿ. ಅದೂ ನೀನು ಕಲಿಸಿದ ಕೆಲಸದಿಂದ.

ಮಿಡಿಗೇಶಿಯ ನಿನ್ನ ಅಡುಗೆಮನೆ ನೆನಪಾಗುತ್ತದೆ. ನೀನು ಅಕ್ಕಿಯನ್ನು ಅಳೆದು ಪಾತ್ರೆಗೆ ಹಾಕುತ್ತಿದ್ದೆ. ಮತ್ತೆ ಅದರಿಂದಲೇ ಒಂದು ಹಿಡಿ ತೆಗೆದು, ಕಣ್ಣು ಮುಚ್ಚಿ, ಯಾರದೋ ಹೆಸರು ಹೇಳಿ ಪ್ರಾರ್ಥಿಸಿ, ಪಕ್ಕದ ಮಡಕೆಗೆ ಸುರಿಯುತ್ತಿದ್ದೆ. ಶನಿವಾರ ಆ ಮಡಕೆಯ ಅಕ್ಕಿ ಇಲ್ಲದವರ ಮನೆಗೆ ಹೋಗುತ್ತಿತ್ತು. ಡಬ್ಬದಿಂದಲೇ ನೇರ ತೆಗೆಯಬಾರದೇ ಎಂದು ನಾನು ಒಮ್ಮೆ ಕೇಳಿದ್ದೆ. "ಡಬ್ಬದಿಂದ ತೆಗುದ್ರೆ ಡಬ್ಬದ್ದು. ಪಾತ್ರೆಯಿಂದ ತೆಗುದ್ರೆ ನಮ್ ಹೊಟ್ಟೇದು ಕಣಮ್ಮ" ಅಂದಿದ್ದೆ ನೀನು. ಪಕ್ಕದ ಮನೆ ರಂಗಮ್ಮ ಬಾಗಿಲಲ್ಲಿ ನಿಂತು, "ನಿಮ್ಮ ಯೇಸಪ್ಪಂಗೆ ದಿನಾ ಹೊಟ್ಟೆ ಹಸೀತದಾ ಮೇರಕ್ಕಾ?" ಎಂದು ನಗುತ್ತಿದ್ದಳು. ನೀನೂ ನಗುತ್ತಿದ್ದೆ. "ಅವನಿಗಲ್ಲ ಕಣೇ ರಂಗಿ, ಅವನು ಕಳಿಸ್ದೋರಿಗೆ."

ಅತ್ತೆ ಯಲಹಂಕದ ನಮ್ಮ ಮನೆಗೆ ಬಂದ ಮೊದಲ ಬೆಳಿಗ್ಗೆ, ಅಕ್ಕಿ ಅಳೆದು ಪಾತ್ರೆಗೆ ಹಾಕಿದವರು ಅವರೇ. ನಾನು ಅಭ್ಯಾಸದಂತೆ ಒಂದು ಹಿಡಿ ತೆಗೆದು, ಮನಸ್ಸಿನಲ್ಲೇ ಹೆಸರು ಹೇಳಿ, ಪಕ್ಕದ ಸಣ್ಣ ಡಬ್ಬಿಗೆ ಹಾಕಿದೆ. ಅವರು ನೋಡಿದರು. ಮರುದಿನ ಒಂದು ಹಿಡಿ ಹೆಚ್ಚಿಗೆ ಹಾಕಿದರು. ನಾನು ಪೆದ್ದಿ, ಮತ್ತೆ ತೆಗೆದೆ! ಮೂರನೆಯ ದಿನ ಸೆರಗಿನಿಂದ ಕಣ್ಣೊರೆಸಿಕೊಂಡು, "ಏನವ್ವಾ, ನಾನು ಉಣ್ಣೋ ಎಲ್ಡು ತುತ್ತು ನಿನ್ಗೆ ಅಷ್ಟು ಭಾರ ಆಯ್ತಾ?" ಎಂದರು. ಮಧ್ಯಾಹ್ನದ ಬಸ್ಸಿಗೆ ಹೊರಟೇಹೋದರು.

ಆಗಲೇ ಯಾಕೆ ಹೇಳಲಿಲ್ಲ? ನಾಚಿಕೆ, ಅಜ್ಜಿ. ಪ್ರಾರ್ಥನೆ ಅಂದರೆ ಏನು ತಿಳಿದುಕೊಳ್ಳುತ್ತಾರೋ ಎಂಬ ಭಯ. ಅವರನ್ನು ಬದಲಾಯಿಸಲು ಹೊರಟಿದ್ದೇನೆ ಅಂದುಕೊಂಡರೆ? ನಿನಗಾದರೆ ನಲವತ್ತು ವರ್ಷ ಕೂಡಿಟ್ಟ ನಂಬಿಕೆಯಿತ್ತು. ನನ್ನದು ಕೆಲವು ದಿನ ಬರೀ ಕೈಯ ಅಭ್ಯಾಸ. ಇಂಥ ಸಣ್ಣ ಹಿಡಿಯಿಂದ ಯಾರಿಗೆ ಏನಾದೀತು ಎಂದು...

ಮದುವೆಗೆ ಕರೆಯಲು ಮಿಡಿಗೇಶಿಗೆ ಹೋಗಿದ್ದ ದಿನವನ್ನು ನಿನಗೆ ಹೇಳಲೇಬೇಕು. ರಂಗಮ್ಮನ ಒಲೆಯ ಪಕ್ಕ ನಿನ್ನ ಮಡಕೆ! ಅದೇ ಅಂಚು ಒಡೆದದ್ದು. ಗೋಡೆಯ ಮೇಲೆ ಅವಳ ಆಂಜನೇಯ ಇದ್ದಲ್ಲೇ ಇದ್ದಾನೆ. "ನಿಮ್ಮಜ್ಜಿ ಇದ್ದಾಗ ನಗಾಡ್ತಿದ್ದೆ. ಈಗ ಒಂದು ಹಿಡಿ ತೆಗೀದೆ ಒಲೆ ಹಚ್ಚಕ್ಕೆ ಕೈ ಬರಾಕಿಲ್ಲ ಕಣಮ್ಮ" ಎಂದಳು. ನೀನು ಅವಳಿಗೆ ಒಂದು ದಿನವಾದರೂ ಉಪದೇಶ ಮಾಡಿದ್ದೆಯಾ? ನನಗಂತೂ ನೆನಪಿಲ್ಲ.

ಹತ್ತು ದಿನ ಅತ್ತೆ ನನ್ನ ಫೋನ್ ಎತ್ತಲಿಲ್ಲ. ನಿನ್ನೆ ಎತ್ತಿದರು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ನಿನ್ನ ಮಡಕೆ, ರಂಗಮ್ಮ, ಶನಿವಾರ ಆ ಅಕ್ಕಿ ನಮ್ಮ ಬೀದಿ ಗುಡಿಸುವ ಅಕ್ಕನಿಗೆ ಹೋಗುವುದು, ಎಲ್ಲ.

"ಆ ಮೂರು ದಿನ ಯಾರ ಹೆಸರು ಹೇಳ್ದೆ?"

"ನಿಮ್ಮದೇ, ಅತ್ತೆ."

"ನಂದಾ? ಏನಂತ ಬೇಡ್ಕಂಡೆ?"

"ಮೊದಲ ದಿನ ನಿಮ್ಮ ಮಂಡಿನೋವು ವಾಸಿಯಾಗಲಿ ಅಂತ. ಆಮೇಲೆ ಎರಡು ದಿನ... ನೀವು ನನ್ನನ್ನ ಇಷ್ಟಪಡಲಿ ಅಂತ."

"ಅಂದ್ರೆ ನನ್ ಮಂಡಿಗೆ ಒಂದೇ ಹಿಡಿ!"

ನಕ್ಕರೋ, ಕೆಮ್ಮಿದರೋ ಗೊತ್ತಾಗಲಿಲ್ಲ. ಆಮೇಲೆ ಒಂದೇ ಮಾತು ಹೇಳಿದರು: "ಬಾ. ನಮ್ಮನೇಲಿ ಅಕ್ಕಿ ನಾನೇ ಅಳೆಯೋದು. ತೆಗಿಯೋ ಮುಂಚೆ ಹೇಳಿ ತೆಗಿ." ಫೋನ್ ಇಟ್ಟರು.

ಅದು ಬೈಗುಳವೋ, ಅಪ್ಪಣೆಯೋ? ಸುನಿಲನನ್ನು ಕೇಳಿದರೆ ಕಣ್ಣು ಮುಚ್ಚಿಕೊಂಡು ನಗುತ್ತಾನೆ. ಅವನಿಗೆ ರಜೆ ಇಲ್ಲ, ಒಬ್ಬಳೇ ಹೋಗಬೇಕು. ಬೆಳಗಿನಿಂದ ಬ್ಯಾಗು ಮೂರು ಸಲ ತುಂಬಿ ಮೂರು ಸಲ ಬಿಚ್ಚಿದ್ದೇನೆ. ಅವರ ಪಾತ್ರೆಯ ಮುಂದೆ ನಿಂತಾಗ ಮತ್ತೆ ಹೇಳದೆಯೇ ತೆಗೆದುಬಿಟ್ಟರೆ?

ಆದರೂ ಮಾತು ಕೊಡುತ್ತೇನೆ, ಅಜ್ಜಿ. ಈ ಸಲ ಬಾಯಿಬಿಟ್ಟು ಹೇಳಿಯೇ ತೆಗೆಯುತ್ತೇನೆ. ಮೊದಲ ಹಿಡಿ ಮಂಡಿಗೆ, ಎರಡನೆಯದೂ ಮಂಡಿಗೆ. ಆಮೇಲೆ ಮಿಡಿಗೇಶಿಗೆ ಬಂದು, ನಿನ್ನ ಸಮಾಧಿಯ ಹತ್ತಿರ ಕೂತು, ಏನಾಯಿತೆಂದು ಹೇಳುತ್ತೇನೆ. ಮೊದಲು ಅತ್ತೆಯ ಮನೆಗೆ: ಗೌರಿಬಿದನೂರಿನಲ್ಲಿ ರೈಲಿಳಿದು ಪುರವರದ ಬಸ್ಸು ಹಿಡಿಯಬೇಕು. ಹೊರಡುತ್ತಿರುವುದು ಈ ಶನಿವಾರ, ಬೆಳಗಿನ ಹಿಂದೂಪುರ ಪ್ಯಾಸೆಂಜರ್‌ಗೆ.