ಪಕ್ಕದ ಕುರ್ಚಿ

ಏಪ್ರಿಲ್ ೧೨, ಶನಿವಾರ

ಹಾಗೆಂದು ಅವನನ್ನು ಪೂರ್ತಿ ಕ್ಷಮಿಸಿಲ್ಲ, ಆ ಕೆಂಪು ಶಾಲಿನವನನ್ನು. ಎದುರು ಕ್ಲಬ್ಬಿನ ಅಭಿಮಾನಿ, ಫೋನಿನ ಫುಟ್‌ಬಾಲ್ ಗುಂಪಿನಲ್ಲಷ್ಟೇ ಪರಿಚಯ, ಅಲ್ಲಿನ ಚಿತ್ರದಲ್ಲಿ ಸದಾ ಆ ಶಾಲು. ನಮ್ಮ ಫುಟ್‌ಬಾಲ್ ಕ್ಲಬ್ಬು ಹಳೆಯ ಮೈದಾನ ಬಿಟ್ಟು ಊರಾಚೆ ಹೋಗುತ್ತದೆಂದು ಗೊತ್ತಾದಂದಿನಿಂದ, "ನಿಮ್ಮ ಗ್ಯಾಲರಿಯ ತಗಡಿನ ಶೆಡ್ಡು ಗುಜರಿಗೂ ಬೇಡ ಯಜಮಾನ್ರೇ" ಎಂದು ಕಾಲೆಳೆಯುತ್ತಿದ್ದ. ನಾನೂ ಕಾಲೇಜಿನ ಇಂಗ್ಲಿಷ್ ಕೆದಕಿ, "ಸರ್, ಯು ಆರ್ ಎ ಕ್ಯಾಡ್" ಎಂದು ಬರೆದಿದ್ದೆ. ಏನೋ ಹಳೆಯ ಬೈಗುಳ, ಅದರ ಅರ್ಥ ನನಗೇ ಸರಿಯಾಗಿ ನೆನಪಿಲ್ಲ.

ನಿನ್ನೆ ಸಿಟ್ಟಿನಲ್ಲಿ, ಆ ಶೆಡ್ಡಿನಡಿ ಇಪ್ಪತ್ತೆರಡು ವರ್ಷ ಹೆಂಡತಿಯ ಪಕ್ಕ ಕೂತಿದ್ದೆ, ಈಗ ಅವಳಿಲ್ಲ, ಅವಳು ಕಾಣದ ಹೊಸ ಜಾಗಕ್ಕೆ ನಾನು ಹೋಗುವುದೇ ಇಲ್ಲ ಎಂದು ಗುಂಪಿನಲ್ಲಿ ಬರೆದುಬಿಟ್ಟೆ. ಅವನ ಕಡೆಯವರೆಲ್ಲ ನಕ್ಕರು. ಅವನು ಮಾತ್ರ ತನ್ನವರನ್ನೇ ಗದರಿದ: "ಸಾಕು ನಿಲ್ಸ್ರೋ. ನಮ್ಮ ಮೈದಾನ ಹೋದಾಗ ನೀವು ಅತ್ತಿದ್ದು ನಾನು ನೋಡಿಲ್ವಾ?" ಅಷ್ಟು ಜನರೆದುರು. ನನ್ನ ಕೈಲಿ ಆಗುತ್ತಿರಲಿಲ್ಲ.

ಇವತ್ತು ನನಗೊಬ್ಬನಿಗೇ ಬರೆದಿದ್ದಾನೆ. "ಅಪ್ಪ ಹೋದ್ಮೇಲೆ ಹೊಸ ಸ್ಟೇಡಿಯಮ್ಮಲ್ಲಿ ನಾನು ಒಂದೇ ಸೀಟು ತಗೊಂಡೆ. ಬಸ್ಸಲ್ಲಿ ಕೂತ ಹಾಗಿತ್ತು. ನೀವು ಎರಡು ತಗೊಳ್ಳಿ. ನಮ್ಮ ನಿಮ್ಮ ಮ್ಯಾಚಿನ ದಿನ ನಾನೇ ಬಂದು ಕೂರ್ತೀನಿ. ಶಾಲು ತೆಗೆಯಲ್ಲ, ಬಾಯೂ ಮುಚ್ಚಲ್ಲ."

ಅವಳೂ ಮುಚ್ಚುತ್ತಿರಲಿಲ್ಲ.

ಎಂಥ ಮನುಷ್ಯ. ಎಷ್ಟು ಸಲ ಓದಿದೆನೋ.

ಸೀಟಿನ ಅರ್ಜಿ ಕೊಡಲು ನಾಳೆಯೇ ಕೊನೆ. ಎರಡು ಎಂದು ತುಂಬಿದೆ. ಪಕ್ಕದಲ್ಲಿ ಕೂರುವವರ ಹೆಸರು ಕೇಳಿದ್ದಾರೆ. ಅವಳದನ್ನೇ ಬರೆಯಲು ಹೋಗಿ ಕೈ ತಡೆಯಿತು. ಇವನ ನಿಜವಾದ ಹೆಸರು ನನಗೆ ಗೊತ್ತೇ ಇಲ್ಲವಲ್ಲ. ಕೇಳಬೇಕು. ಕಿಟಕಿಯ ಬೆಳಕು ಹೋಗುತ್ತಿದೆ, ಅರ್ಜಿಯ ಗೆರೆಗಳೂ ಕಾಣ...