ಕಂತು ಏರಲಿಲ್ಲ, ಐದು ವರ್ಷ ಏರಿತು

ಮಡಗಾಂವ್‌ನ ಗೃಹಸಾಲ ಕಚೇರಿಯ ಶಾಖಾಧಿಕಾರಿಗಳಿಗೆ,

ಮಾನ್ಯರೇ, ನನ್ನನ್ನು ಒಂದು ಮಾತೂ ಕೇಳದೆ ನನ್ನ ಸಾಲಕ್ಕೆ ಐದು ವರ್ಷ ಸೇರಿಸಿದ್ದೀರಿ. ಈಗ ಆ ಐದು ವರ್ಷಕ್ಕೆ ಇಪ್ಪತ್ತು ತುಂಬಿದ ನನ್ನ ಮಗಳ ಸಹಿ ಬೇಕು ಎನ್ನುತ್ತೀರಿ. ಬಾಯಲ್ಲಿ ಹೇಳಿದ್ದು ನಿಮ್ಮ ಕೌಂಟರಿನ ಗಾಜು ದಾಟಲಿಲ್ಲ. ಅದಕ್ಕೆ ನಾಲ್ಕು ಜನರೆದುರು ಬರೆಯುತ್ತಿದ್ದೇನೆ.

ನಾನು ಕುಂಕಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ೨೦೨೧ರಲ್ಲಿ, ನಲವತ್ತೈದನೇ ವಯಸ್ಸಿಗೆ, ಎರಡು ಕೋಣೆಯ ಮನೆಗಾಗಿ ನಿಮ್ಮಲ್ಲಿ ಹದಿನಾಲ್ಕು ಲಕ್ಷ ಸಾಲ ತೆಗೆದೆ. ಬಡ್ಡಿ ಶೇಕಡಾ ಏಳು, ಅವಧಿ ಹದಿನೈದು ವರ್ಷ. ಅರವತ್ತಕ್ಕೆ ನಿವೃತ್ತಿ, ಅರವತ್ತಕ್ಕೇ ಋಣಮುಕ್ತಿ ಎಂದು ಲೆಕ್ಕ ಹಾಕಿದ್ದೆ. ಮರುವರ್ಷದಿಂದ ಬಡ್ಡಿ ಏರುತ್ತಾ ಹೋಗಿ ಒಂಬತ್ತೂವರೆಗೆ ಮುಟ್ಟಿತು. ಬೇರೆ ಕಡೆ ಸಾಲ ತೆಗೆದಿದ್ದ ವಾಸ್ಕೋದ ಗೆಳೆಯರ ಕಂತು ಏರಿತು, ನನ್ನದು ಏರಲಿಲ್ಲ. ನಿಮಗೆ ಎಂಥಾ ದೊಡ್ಡ ಮನಸ್ಸು ಎಂದು ಊರೆಲ್ಲ ಹೊಗಳಿಕೊಂಡು ತಿರುಗಿದೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ನಿಮ್ಮಿಂದ ಇಂಗ್ಲಿಷಿನ ಲಕೋಟೆಗಳು ಬರುತ್ತಿದ್ದವು. ನನ್ನ ಹೆಂಡತಿ ಮುರುಗೆವ್ವ ಅವನ್ನು ಒಡೆಯದೆ ದೇವರ ಜಗಲಿಯ ಮೇಲಿಟ್ಟು, ಭಂಡಾರದ ಅರಿಶಿನ ಹಚ್ಚಿ ಕೈ ಮುಗಿಯುತ್ತಿದ್ದಳು.

“ಮನಿ ಕಾಗದ ಅದಾವ್ರೀ, ದೇವರ ಮುಂದ ಇರ್ಲಿ ಬಿಡ್ರಿ,” ಅಂದಳು. ನಾನೂ ಹೂಂ ಅಂದೆ.

‘ಕಂತು ಏರಿಸಲೋ, ಅವಧಿ ಏರಿಸಲೋ, ಉತ್ತರಿಸದಿದ್ದರೆ ಅವಧಿ ಏರಿಸುತ್ತೇವೆ’ ಎಂಬುದು ಅವುಗಳಲ್ಲೊಂದರಲ್ಲಿ ಇತ್ತಂತೆ. ದೇವರಾದರೂ ಏನು ಉತ್ತರಿಸಿಯಾನು? ಕಂತು ತಪ್ಪಿದ ಮಧ್ಯಾಹ್ನವೇ ಮೂರು ಸಲ ಫೋನ್ ಮಾಡುವ ನಿಮಗೆ, ಐದು ವರ್ಷ ಸೇರಿಸುವಾಗ ಒಂದು ಫೋನ್ ಮಾಡಲು ಆಗಲಿಲ್ಲವೇ? ತಿಂಗಳಿಗೆ ಎರಡು ಸಾವಿರ ಹೆಚ್ಚು ಕಟ್ಟಿದ್ದರೆ ಸಾಲ ಅರವತ್ತಕ್ಕೇ ತೀರುತ್ತಿತ್ತು. ಓವರ್‌ಟೈಮ್ ಮಾಡಿ ಕಟ್ಟುತ್ತಿದ್ದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ನಿಮ್ಮ ಕಚೇರಿಯಲ್ಲಿ ತಲೆಕೆಳಗಾಗಿದೆ.

ಈಗ ಬಡ್ಡಿ ಇಳಿದಿದೆಯೆಂದು ಪತ್ರಿಕೆಗಳೆಲ್ಲ ಬರೆದಿವೆ. ನನ್ನದು ಇಳಿದಿಲ್ಲ. ಕೇಳಿದರೆ ಹಳೆಯ ಗ್ರಾಹಕರು ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು ಎಂದಿರಿ. ಏರುವಾಗ ನನ್ನ ಅರ್ಜಿಗೆ ಕಾಯದ ಬಡ್ಡಿ ಇಳಿಯುವಾಗ ಮಾತ್ರ ಏಕೆ ಕಾಯುತ್ತದೆ? ಆ ಅರ್ಜಿ ಒಯ್ದಾಗಲೇ ನೀವು ನನ್ನ ವಯಸ್ಸು ನೋಡಿ, ಅರವತ್ತರ ನಂತರ ಪಗಾರವಿಲ್ಲ, ದುಡಿಯುವ ಮಗಳನ್ನು ಜೊತೆ ಸಾಲಗಾರಳಾಗಿ ಸೇರಿಸಿ, ಸೋಮವಾರ ಕರೆತನ್ನಿ ಎಂದದ್ದು.

ಆ ಮಗಳು ನೀಲಾ. ಔಷಧಿ ಅಂಗಡಿಯಲ್ಲಿ ಎರಡು ವರ್ಷ ನಿಂತು ಕೆಲಸ ಮಾಡಿ, ಬೆಳಗಾವಿಯಲ್ಲಿ ನರ್ಸಿಂಗ್ ಸೀಟು ಗಳಿಸಿದ್ದಾಳೆ. ಸೋಮವಾರವೇ ಸೇರಲು ಕೊನೆಯ ದಿನ. ಸಹಿ ಹಾಕಿದರೆ ನೌಕರಿ ಬಿಡುವಂತಿಲ್ಲ, ಅವಳ ಓದಿಗೆ ಬೇರೆ ಸಾಲವೂ ಹುಟ್ಟುವುದಿಲ್ಲ.

“ಸಹಿ ಹಾಕ್ತೇನಿ ಬಿಡಪ್ಪಾ,” ಅಂದಳು. “ಮುಂದಿನ ವರ್ಷ ಕಲಿತೇನಿ.”

ನಮ್ಮಂಥವರ ಮನೆಗೆ ಆ ಮುಂದಿನ ವರ್ಷ ಬರುವುದಿಲ್ಲವೆಂದು ಅವಳಿಗೂ ಗೊತ್ತು. ನನಗೆ ಅಳು ತಡೆಯಲಾಗಲಿಲ್ಲ.

ಇಳಿದ ಬಡ್ಡಿಯನ್ನು ಶುಲ್ಕವಿಲ್ಲದೆ ನನಗೂ ಕೊಡಿ. ಕಂತು ಏರಿಸಿ, ಸಾಲವನ್ನು ನನ್ನ ಅರವತ್ತಕ್ಕೇ ಮುಗಿಸಿ. ಇನ್ನು ಮುಂದೆ ಏನೇ ಬದಲಿಸುವ ಮೊದಲು ನಮಗೆ ತಿಳಿಯುವ ಭಾಷೆಯಲ್ಲಿ ಬಾಯಿಬಿಟ್ಟು ಹೇಳಿ. ಸೋಮವಾರ ಹತ್ತು ಗಂಟೆಗೆ ನಾನೊಬ್ಬನೇ ಬರುತ್ತೇನೆ. ಆ ಹೊತ್ತಿಗೆ ನೀಲಾ ಬೆಳಗಾವಿಯ ಕಾಲೇಜಿನಲ್ಲಿ ತನ್ನ ಹೆಸರು ಹಚ್ಚುತ್ತಿರುತ್ತಾಳೆ.

ಇಂತಿ,
ನಿಮ್ಮನ್ನು ಹೊಗಳಿ ಕೆಟ್ಟ ಗ್ರಾಹಕ,
ಪರಮೇಶಪ್ಪ, ಕುಂಕಳ್ಳಿ