ಖರ್ಜೂರದ ತೋಟದ ಸಾಕ್ಷಿ

ಗ್ರೀನ್‌ಫರ್ಡ್, ಲಂಡನ್
9 ನವೆಂಬರ್ 2025, ಭಾನುವಾರ

ಪ್ರೀತಿಯ ರೋಜಿ ಅಕ್ಕಾ,

ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಕೊಳ್ಳುತ್ತಿದ್ದೀಯೋ, ಬಾಟಲಿಯನ್ನು ಕಪಾಟಿನಲ್ಲಿಟ್ಟು ಚಂದ ನೋಡುತ್ತಿದ್ದೀಯೋ? ಇಗರ್ಜಿಗೆ ಹೋಗುವಾಗ ಮುಂದಿನ ಮೆಟ್ಟಿಲು ಹತ್ತಬೇಡ, ಪಕ್ಕದ ಬಾಗಿಲಲ್ಲಿ ಹೋಗು ಎಂದು ಎಷ್ಟು ಸಲ ಹೇಳಲಿ! ನಾವು ಮೂವರೂ ಹುಷಾರಾಗಿದ್ದೇವೆ. ಜೋಯ್ಲಿನ್‌ಗೆ ಕೇರ್ ಹೋಮ್‌ನಲ್ಲಿ ಕೆಲಸ ಜಾಸ್ತಿ. ವಲೀಶಾ ನಾನು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ, ಬೈದರೆ ಮಾತ್ರ ಒಂದಕ್ಷರ ಬಿಡದೆ ಅರ್ಥವಾಗುತ್ತದೆ. ನಮ್ಮ ಫ್ಲ್ಯಾಟಿನ ಲಿಫ್ಟ್ ಮೂರು ವಾರದಿಂದ ಕೆಟ್ಟಿದೆ, ದಿನಾ ಆರು ಮಹಡಿ ಹತ್ತುತ್ತೇನೆ. ಫೋನ್ ಬಿಟ್ಟು ಕಾಗದ ಯಾಕೆ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಹೇಳಬೇಕಾದ್ದು ಬಿಟ್ಟು ಬಂಗುಡೆಯ ಸುದ್ದಿಗೆ ಹೋಗುತ್ತೇನೆ.

ಹೋದ ತಿಂಗಳು ಸೌತ್‌ಹಾಲ್‌ನ ಒಬ್ಬ ವಕೀಲೆಯಿಂದ ಲಕೋಟೆ ಬಂತು. ಒಳಗೆ ಇಪ್ಪತ್ತೊಂದು ವರ್ಷ ಹಳೆಯ ಫಾರ್ಮಿನ ನಕಲು, ಕೆಳಗೆ ನನ್ನ ಸಹಿ. ಡಿಸೋಜ ಆಗಿದ್ದರೆ ಸಾವಿರ ಜನರ ನಡುವೆ ತಪ್ಪಿಸಿಕೊಳ್ಳಬಹುದಿತ್ತು. ಫ್ಲೇವಿಯನ್ ಕ್ವಾಡ್ರಸ್ ಎಂದು ಗುಂಡಗೆ ಬರೆದವನನ್ನು ಹುಡುಕುವುದು ಎಷ್ಟು ಹೊತ್ತಿನ ಕೆಲಸ? ನಾನು ಇರಾಕಿನ ಬಸ್ರಾದಲ್ಲಿದ್ದದ್ದು ನೆನಪಿದೆಯಲ್ಲ. ಯುದ್ಧ ಮುಗಿದು ಊರು ಬ್ರಿಟಿಷ್ ಸೇನೆಯ ಕೈಯಲ್ಲಿದ್ದ ಕಾಲ, ಕುವೈತಿನ ಕಂಟ್ರಾಕ್ಟರ್ ನನ್ನನ್ನು ಗುಮಾಸ್ತನಾಗಿ ಅಲ್ಲಿಗೆ ಅಟ್ಟಿದ್ದ. ಅಮ್ಮನಿಗೆ ಕುವೈತಿನಲ್ಲೇ ಇದ್ದೇನೆಂದು ಹೇಳಲು ಕಲಿಸಿದವಳೇ ನೀನು. ಸೇನೆ ಯಾರದೋ ಹೊಲದಲ್ಲಿ ಡೇರೆ ಹಾಕುತ್ತಿತ್ತು, ಯಾರದೋ ತೋಟದಲ್ಲಿ ಲಾರಿ ನಿಲ್ಲಿಸುತ್ತಿತ್ತು. ಜಾಗದವರು ಬಂದು ಕೇಳಿದರೆ ಜಾಗ ಯಾರದೆಂದು ವಿಚಾರಿಸಿ ನಾನು ಫಾರ್ಮ್ ತುಂಬಬೇಕು. ಕ್ಯಾಪ್ಟನ್ ಒಪ್ಪಿದರೆ ಆ ಹೆಸರಿಗೆ ಬಾಡಿಗೆ, ಕಡಿದ ಮರಗಳಿಗೆ ಪರಿಹಾರ.

ಒಂದು ಖರ್ಜೂರದ ತೋಟವನ್ನು ಲಾರಿ ನಿಲ್ಲಿಸುವ ಬಯಲು ಮಾಡಿದ್ದರು. ಅದು ತನ್ನದೆಂದು ಇಬ್ಬರು ಬಂದರು. ಒಬ್ಬ ಜಬ್ಬಾರ್, ತಂದೆಯ ಕಾಲದಿಂದ ಅದೇ ತೋಟದಲ್ಲಿ ದುಡಿದು ಫಸಲಿನಲ್ಲಿ ಪಾಲು ಪಡೆಯುತ್ತಿದ್ದವನು. ಇನ್ನೊಬ್ಬಳು ಸಬೀಹಾ, ಗಂಡ ಸತ್ತವಳು, ತೋಟದ ಒಡತಿ. ಜಬ್ಬಾರ್ ಮೇಜಿನ ಮೇಲೆ ಅಂಗೈ ಊರಿದ. ಅಕ್ಕಾ, ಅದು ನಮ್ಮ ಅಪ್ಪನ ಕೈ. ಅದೇ ಒಡಕು, ಅದೇ ಮುರಿದ ಉಗುರು. ಧಣಿಗಳ ಜಾಗವನ್ನು ಗೇಣಿಗೆ ಮಾಡುತ್ತಿದ್ದ ಅಪ್ಪನಿಗಾಗಿ ಎಂಟನೇ ಕ್ಲಾಸಿನ ನೀನು ಚಾಪೆಯ ಮೇಲೆ ಕೂತು ಉಳುವವನೇ ಒಡೆಯ ಕಾನೂನಿನ ಡಿಕ್ಲರೇಶನ್ ಅರ್ಜಿ ಬರೆದದ್ದು, ಆರು ವರ್ಷದ ನಾನು ಚಿಮಣಿ ದೀಪ ಹಿಡಿದದ್ದು, ಎಲ್ಲ ಕಣ್ಣ ಮುಂದೆ ಬಂತು. ಟ್ರಿಬ್ಯೂನಲ್‌ನವರು ಕೇಳಿದ್ದು ಒಂದೇ, “ಗದ್ದೆಗೆ ಇಳಿಯುವುದು ಯಾರು ಮಾರಾಯ?” ಅಷ್ಟರಿಂದಲೇ ನಮಗೆ ನೆಲ ಸಿಕ್ಕಿತು, ನೀನು ಟೀಚರ್ ಆದೆ, ನಾನು ವಿಮಾನ ಹತ್ತಿದೆ. ನಮ್ಮ ಕಡೆಯವನಿಗೆ ನೆಲದ ಬಗ್ಗೆ ಬೇರೆ ಪ್ರಶ್ನೆ ಗೊತ್ತಿರುತ್ತದಾ? ದುಭಾಷಿಯ ಮೂಲಕ ನಾನೂ ಅದನ್ನೇ ಕೇಳಿದೆ, ಮರ ಹತ್ತುವುದು ಯಾರು ಎಂದು. ಜಬ್ಬಾರ್ ಕೈ ಎತ್ತಿದ. ಮಾಲೀಕ ಎಂಬಲ್ಲಿ ಅವನ ಹೆಸರು ಬರೆದೆ. ದಾಖಲೆ ಎಂಬಲ್ಲಿ ಇಲ್ಲ ಎಂದು ಗುರುತು ಹಾಕಿದೆ. ಆ ದಿನ ಎಷ್ಟು ಹೆಮ್ಮೆಯಿಂದ ಊಟ ಮಾಡಿದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೇನೆ ಹೋದ ಮೇಲೆ ಜಬ್ಬಾರ್ ಆ ಫಾರ್ಮನ್ನೇ ತೋರಿಸಿ ತೋಟವನ್ನು ತನ್ನ ಹೆಸರಿಗೆ ಮಾಡಿಕೊಂಡ. ಈಗ ಅವನ ಮಕ್ಕಳು ಅದನ್ನು ಸೈಟು ಮಾಡಿ ಮಾರಲು ಹೊರಟಿದ್ದಾರೆ. ಸಬೀಹಾ ಧಣಿಯಲ್ಲ ಅಕ್ಕಾ, ಅವಳಿಗೆ ಇದ್ದದ್ದು ಅದೊಂದೇ ತೋಟ. ಈಗ ಎಪ್ಪತ್ತೈದು ದಾಟಿ ಸೌತ್‌ಹಾಲ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ. ಅವಳ ಹಕ್ಕುಪತ್ರ ಮರುವರ್ಷ ಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತಂತೆ. ಆ ದಿನ ಅದನ್ನು ಗುಮಾಸ್ತನಿಗೆ ತೋರಿಸಿದ್ದೆ ಎನ್ನುತ್ತಾಳಂತೆ. ದುಭಾಷಿ ಬದುಕಿಲ್ಲ. ಜನವರಿಯಲ್ಲಿ ಬಸ್ರಾದ ಕೋರ್ಟಿನಲ್ಲಿ ಕೊನೆಯ ವಿಚಾರಣೆ. ಹಕ್ಕುಪತ್ರ ನೋಡಿದ್ದು ಹೌದು ಎಂದು ನಾನು ಬರೆದುಕೊಟ್ಟರೆ ತೋಟ ಅವಳಿಗೆ ಬಂದೀತು, ಇಲ್ಲದಿದ್ದರೆ ಹೋದಂತೆಯೇ.

ಆದರೆ ನಾನು ನೋಡಿಲ್ಲ ಅಕ್ಕಾ. ಜೋಯ್ಲಿನ್‌ಗೂ ಅದನ್ನೇ ಹೇಳಿದ್ದೇನೆ. ಇಷ್ಟು ವರ್ಷ ಮುಂದೂಡಿ ಈಗ ಪೌರತ್ವಕ್ಕೆ ಅರ್ಜಿ ಹಾಕಿದ್ದೇನೆ, ಅದರಲ್ಲಿ ನಡತೆಯ ಬಗ್ಗೆ ಪುಟಗಟ್ಟಲೆ ಪ್ರಶ್ನೆ. ಈ ದೇಶಕ್ಕೆ ನಾನು ಬಂದದ್ದೇ ಆ ಕ್ಯಾಪ್ಟನ್ ಬರೆದುಕೊಟ್ಟ ಶಿಫಾರಸಿನಿಂದ, ಪ್ರಾಮಾಣಿಕ ಗುಮಾಸ್ತ ಎಂದು. ನಮ್ಮವರಿಗೆ ಅರ್ಜಿ ತುಂಬಿಕೊಡುವ ಪಿನ್ನರ್‌ನ ಸುಧೀರ್ ನಕಲು ನೋಡಿ ತಲೆ ಚಚ್ಚಿಕೊಂಡ. “ಬರೆದದ್ದು ಸುಳ್ಳು ಅಂತ ನೀವೇ ಹೇಳಿದ್ರೆ ಅರ್ಜಿ ಹೋಯ್ತು, ಆಮೇಲೆ ಇರೋದೂ ಕಷ್ಟ ಆಗ್ಬಹುದು. ಸುಮ್ನಿದ್ದು ಬಿಡಿ ಸಾರ್” ಎಂದ. ಜೋಯ್ಲಿನ್ ಆ ದಿನದಿಂದ ಜಪಮಾಲೆ ಕೆಳಗಿಟ್ಟಿಲ್ಲ. “ಡ್ಯಾಡ್, ಇಟ್ಸ್ ಜಸ್ಟ್ ಎ ಫಾರ್ಮ್” ಎನ್ನುತ್ತಾಳೆ ವಲೀಶಾ. ಹೊರಡುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸುವಾಗಲೂ ಯಾರ ಹೆಸರು ಬರೆಯುತ್ತಿದ್ದೇನೆಂದು ಎರಡೆರಡು ಸಲ ನೋಡುತ್ತೇನೆ.

ಭಾವನಿಗೆ ನನ್ನ ನೆನಪು ಹೇಳು. ಅಪ್ಪ ಅಮ್ಮನ ಗೋರಿಗೆ ನನ್ನ ಲೆಕ್ಕದಲ್ಲೂ ಒಂದು ಮೇಣದಬತ್ತಿ ಹಚ್ಚು. ದೇವ್ ಬರೆಂ ಕರುಂ.

ನಿನ್ನ ತಮ್ಮ,
ಫ್ಲೇವಿಯನ್

ತಾ.ಕ. ಸೋಮವಾರ ಬೆಳಿಗ್ಗೆ, ಬಸ್ ಸ್ಟಾಪಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಬೈಯಬೇಡ. ನೋಡಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಎಲ್ಲರಿಗೂ ಹೇಳಿದೆ, ನಿನಗೆ ಬರೆದ ಮೇಲೆ ಮಾತ್ರ ನಿದ್ದೆ ಬರಲಿಲ್ಲ. ವಕೀಲೆಗೆ ನಿಜವನ್ನೇ ಬರೆದು ಸಹಿ ಹಾಕಿ ಈಗಷ್ಟೇ ಅಂಚೆ ಡಬ್ಬಿಗೆ ಹಾಕಿದೆ, ಇನ್ನು ಕೈ ಹಾಕಿ ತೆಗೆಯುವ ಹಾಗಿಲ್ಲ. ಜೋಯ್ಲಿನ್‌ಗೆ ಇವತ್ತು ಸಂಜೆ ಹೇಳುತ್ತೇನೆ. ಸಬೀಹಾ ಹಕ್ಕುಪತ್ರವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು, ಬಿಚ್ಚಿ ನನ್ನ ಮುಂದೆ ಹರಡಿದಳು. ಮುದ್ರೆ, ಸಹಿ ಎಲ್ಲ ಇತ್ತು. ಡೇರೆಯ ಹೊರಗಿನಿಂದ ಕ್ಯಾಪ್ಟನ್ “ಎನಿ ಪೇಪರ್, ಕ್ವಾಡ್ರಸ್?” ಎಂದು ಕೇಳಿದ. “ನೋ ಪೇಪರ್, ಸರ್” ಎಂದೆ. ಹಾಗೆಂದು ಅದನ್ನು ಮಡಚಿ, ಅದೇ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತನ್ನ ಕೆಲಸ ಆಯಿತೆಂದುಕೊಂಡು ಎರಡು ಕೈಯಲ್ಲಿ ನನ್ನ ಕೈ ಹಿಡಿದು, ನಾವು ದೇವ್ ಬರೆಂ ಕರುಂ ಎನ್ನುವ ಹಾಗೆಯೇ, ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಹರಸಿ ಹೋದಳು.